ಎಲೆಯಿರುವ ಕೊಂಬೆ

ಬಂದರಿನಲ್ಲಿ, ಮೆಣಸಿನ ಗೋದಾಮಿನ ಮೇಲೆ
ಒಂದೂವರೆ ಕೋಣೆ ನಮ್ಮ ಕಂಪೆನಿ.
ಕೆಳಗೆ ಮೂಟೆ ಬಿಚ್ಚಿದಾಗಲೆಲ್ಲ ಮೇಲೆ ನನಗೆ ಸೀನು,
ಸರ್ವರಿಗೂ ಧೂಳು.

ಇಪ್ಪತ್ತೊಂದು ಡೊಮೈನುಗಳು ಒಂದೇ ಪೆಟ್ಟಿಗೆಯೊಳಗೆ:
ಮಲ್ಪೆಯ ಐಸ್ ಪ್ಲಾಂಟು, ಕಂಕನಾಡಿಯ ನರ್ಸಿಂಗ್ ಶಾಲೆ,
ಉಳ್ಳಾಲದ ಮೀನೆಣ್ಣೆಯವರು,
ಒಂದಕ್ಕೊಂದು ಆಗದ ಎರಡು ಸೊಸೈಟಿ,
ಪಕ್ಕಪಕ್ಕದಲ್ಲೇ ಮಲಗಿವೆ ಪಾಪ, ಗೊತ್ತಿಲ್ಲ.
ಯಾರಿಗೂ ಗೋಡೆಯಿಲ್ಲ. ಗೇಟಿನ ಮೇಲೆ ಹೆಸರು ಮಾತ್ರ.
ಆದರೂ ಕಾಗದ ಸರಿಯಾಗಿ ಮನೆ ಸೇರುತ್ತದೆ.

ಮೊದಲು ಹೀಗಿರಲಿಲ್ಲ.
ಹೆಸರುಗಳೆಲ್ಲ ರೇಷನ್ ಅಂಗಡಿಯ ಸಾಲಿನಂತೆ ಒಂದೇ ಪಟ್ಟಿ.
ಐಸ್ ಪ್ಲಾಂಟಿನ ವಾಮನ ಮೊದಲು ಬಂದ, ವಾಮನನಾದ.
ಸೊಸೈಟಿಯವನು ವಾಮನ ಎರಡು.
ಇಬ್ಬರಿಗಿಂತ ಹಿರಿಯರು ಮೀನೆಣ್ಣೆಯ ಮ್ಯಾನೇಜರು,
ನೀವು ಮೂರು ಎಂದದ್ದಕ್ಕೆ
ಫೋನಿನಲ್ಲಿ ಐದು ನಿಮಿಷ ತುಳುವಿನಲ್ಲಿ ಬೈದರು.

ಈಗ ಡೈರೆಕ್ಟರಿ. ಅದೊಂದು ಮರ, ಬೇರು ಮೇಲೆ.
ಎಲೆಯಿಂದ ಓದುತ್ತ ಹತ್ತಬೇಕು:
ಇವನು ವಾಮನ, ಇಂಥ ವಿಭಾಗದವನು,
ಇಂಥ ಡೊಮೈನಿನವನು, ಆಮೇಲೆ ಬೇರು.
ಕಲಿಸಲು ಬಂದ ಹುಡುಗ ಬೋರ್ಡಿನ ಮೇಲೆ ಗೀಟು ಎಳೆಯುವಾಗ
ನನಗೆ ನಗು. ನಮ್ಮ ದೊಡ್ಡಮ್ಮನಿಗೆ ಇದು ಗೊತ್ತಿತ್ತು.
ಜಗಲಿಗೆ ಯಾರೇ ಬರಲಿ, ಬೆಲ್ಲ ನೀರು ಕೊಟ್ಟು,
ಹೆಸರಿಗಿಂತ ಮೊದಲೇ ಕೇಳುತ್ತಿದ್ದಳು: ಬರಿ ಯಾವುದು?
ತಾಯಿಯ ಬರಿ ಹೇಳಿದರೆ ಸಾಕು,
ಉಳಿದ ವಿಳಾಸ ತಾನಾಗಿ ಬರುತ್ತಿತ್ತು,
ಯಾರ ಮನೆಗೆ ಹೆಣ್ಣು ಕೊಡಬಾರದು ಎಂಬುದೂ.

ಕಾಗದ ನಾನು ಓದುವುದಿಲ್ಲ. ತೂಕ ಮಾತ್ರ ಕಾಣುತ್ತದೆ,
ಮತ್ತೆ, ಯಾವ ಹೊತ್ತಿಗೆ ಬೀಗ ತೆಗೆದಿರಿ ಎಂಬುದು.
ಪಾಸ್‌ವರ್ಡನ್ನೂ ಅರೆದೇ ಇಡುವುದು;
ಚಟ್ನಿಯನ್ನು ತಿರುಗಿ ತೆಂಗಿನಕಾಯಿ ಮಾಡಲು
ನನ್ನಿಂದಾಗದು.

ಮಾರ್ಚ್ ಮೂವತ್ತೊಂದು. ಧಣಿಗಳ ಚೀಟಿ:
ಜೆಪ್ಪುವಿನ ಪಡುಹೊಳೆ ಟೈಲ್ಸ್, ಮೂರು ವರ್ಷದ ಬಾಕಿ, ಅಳಿಸಿ.
ಆ ಹಂಚಿನ ಕಾರ್ಖಾನೆಯ ಚಿಮಣಿ ನೋಡಿದ್ದೇನೆ,
ನೆತ್ತಿಯಲ್ಲಿ ಈಗ ಅಶ್ವತ್ಥದ ಗಿಡ.
ಡೊಮೈನಿನ ಹೆಸರು ಬರೆದು ಎಂಟರ್ ಒತ್ತಿದೆ.
ಆಗುವುದಿಲ್ಲ ಎಂದಿತು ಪರದೆ.
ಎಲೆಯಿರುವ ಕೊಂಬೆಯನ್ನು ಕಡಿಯುವಂತಿಲ್ಲ.

ಸರಿ, ಒಂದೊಂದೇ ಕಿತ್ತೆ. ಸೇಲ್ಸ್. ಕುಲುಮೆ. ರಫ್ತು.
ತುಂಬಿ ಉಕ್ಕಿ ನಿಂತಿದ್ದ ಎಂ.ಡಿ.ಯವರ ಪೆಟ್ಟಿಗೆ.
ಮೂವತ್ತೇಳು ಹೋದವು, ಸದ್ದಿಲ್ಲ.
ಮೂವತ್ತೆಂಟು: ಐರಿನ್ ಕುಟಿನ್ಹಾ, ಲೆಕ್ಕಪತ್ರ.
ಕೊನೆಯ ಲಾಗಿನ್ ನಿನ್ನೆ ರಾತ್ರಿ ಒಂಬತ್ತು ಇಪ್ಪತ್ತು.
ಮೊನ್ನೆಯೂ ಒಂಬತ್ತು ಇಪ್ಪತ್ತು.

ಫೋನಿನ ಅಂಕಣದಲ್ಲಿ ಹಳೆಯ ಆರಂಕಿಯ ನಂಬರು.
ಮುಂದೊಂದು ಎರಡನ್ನು ಹಚ್ಚಿ ತಿರುಗಿಸಿದೆ.

"ಹೌದು, ನಾನೇ. ಕಾರ್ಖಾನೆ ಹೋದರೇನು ಮಾರಾಯ್ರೆ,
ನೂರಾ ಹನ್ನೊಂದು ಜನರ ಪಿ.ಎಫ್. ಬಾಕಿ ಉಂಟಲ್ಲ.
ಆಫೀಸಿನವರು ಬರೆಯುವುದು ಈ ವಿಳಾಸಕ್ಕೇ.
ಊಟ ಆದ ಮೇಲೆ ಒಮ್ಮೆ ನೋಡುತ್ತೇನೆ.
ಕಳೆದ ವಾರ ಮಣ್ಣು ತುಳಿಯುತ್ತಿದ್ದ ಕಲ್ಯಾಣಿಯದ್ದು ಬಂತು."
ನಿಮಗೆ ಸಂಬಳ? ನಾನು ಕೇಳಲಿಲ್ಲ.

ಎಲೆಯನ್ನು ಎಸೆಯದೆ ಬೇರೆ ಕೊಂಬೆಗೆ ಅಂಟಿಸುವ
ಒಂದು ಆಜ್ಞೆಯೂ ಇದೆ, ಬಳಸಿರಲಿಲ್ಲ.
ಬರಿ ಇಲ್ಲದವರನ್ನು ಕೆಲವು ಮನೆಯವರು
ತಮ್ಮ ಬರಿಗೆ ಸೇರಿಸಿಕೊಳ್ಳುತ್ತಿದ್ದರಂತೆ,
ದೊಡ್ಡಮ್ಮ ಹೇಳಿದ್ದು, ವೀಳ್ಯದ ತೊಟ್ಟು ಮುರಿಯುತ್ತ.
ನಮ್ಮದೇ ಡೊಮೈನಿನ ಕೆಳಗೆ, ನನ್ನ ಹೆಸರಿನ ಪಕ್ಕ,
ಐರಿನ್ ಬಾಯಿಗೆ ಜಾಗ.
ಹಳೆಯ ವಿಳಾಸ ಅಡ್ಡಹೆಸರಾಗಿ ಅಲ್ಲೇ ಇರಲಿ;
ಅದರ ವರ್ಷದ ಬಾಡಿಗೆ ಎಂಟುನೂರು ಚಿಲ್ಲರೆ,
ನನ್ನ ಜೇಬಿನಿಂದ. ಹೆಂಡತಿಗೆ ಹೇಳಬೇಕಾದೀತು.

ಖಾಲಿ ಕೊಂಬೆ ಒಂದೇ ಏಟಿಗೆ ಬಿತ್ತು.
ಚೀಟಿಯ ಮೇಲೆ ಬರೆದೆ: ಅಳಿಸಲಾಗಿದೆ.
ಸುಳ್ಳಲ್ಲ.

ಒಂಬತ್ತು ಇಪ್ಪತ್ತು. ಮನೆಗೆ ಹೋಗದೆ ಕೂತಿದ್ದೇನೆ.
ಕೆಳಗೆ ಕೊನೆಯ ಲಾರಿ ಮೂಟೆ ಇಳಿಸುತ್ತಿದೆ.
ಇಪ್ಪತ್ತೊಂದು. ಇಪ್ಪತ್ತೆರಡು.
ಇಪ್ಪತ್ತಮೂರಕ್ಕೆ ಪರದೆಯ ಮೇಲೆ ಒಂದು ಸಾಲು:
ಐರಿನ್, ಒಳಗೆ.
ಎರಡು ಸಲ ಸೀನಿದೆ.